ಬೇಸ್ ಗಿಟಾರಿಗೆ ಫ್ಲಾಟ್‌ವೌಂಡ್ ತಂತಿ: ಮೊದಲು ಅಳೆಯಿರಿ, ಬಗ್ಗಿಸಿ, ಆಮೇಲೆ ಕತ್ತರಿಸಿ

ಮದುವೆ ಮನೆಯ ಆರ್ಕೆಸ್ಟ್ರಾ ಇರಲಿ, ಉತ್ಸವದ ಗಾನಮೇಳ ಇರಲಿ, ಚರ್ಚಿನ ಹಾಡುಗಾರರ ತಂಡ ಇರಲಿ, ಹಿಂದೆ ನಿಂತು ಮಂದ್ರ ಸ್ವರ ಕೊಡುವವರು ಬೇಸ್ ಗಿಟಾರಿನವರು. ಅವರು ನುಡಿಸುವಾಗ ಯಾರೂ ಗಮನಿಸುವುದಿಲ್ಲ. ನಿಲ್ಲಿಸಿದರೆ ಹಾಡು ಬೋಳಾಗುತ್ತದೆ. ಹಳೆಯ ಧ್ವನಿಮುದ್ರಣಗಳಲ್ಲಿ ಕೇಳುವ ದುಂಡಗಿನ, ಮೆತ್ತಗಿನ ಬೇಸ್ ನಾದ ತಮ್ಮ ಗಿಟಾರಿನಲ್ಲಿ ಯಾಕೆ ಬರುವುದಿಲ್ಲ ಎಂದು ಇವರಲ್ಲಿ ಹಲವರು ಕೇಳುತ್ತಾರೆ. ಬಹಳ ಸಲ ಉತ್ತರ ಇರುವುದು ತಂತಿಯಲ್ಲೇ.

ಎರಡು ಬಗೆಯ ಸುತ್ತು

ಬೇಸ್ ತಂತಿಯ ನಡುವೆ ಉಕ್ಕಿನ ಎಳೆ ಇದ್ದು, ಅದರ ಮೇಲೆ ಇನ್ನೊಂದು ತಂತಿಯನ್ನು ಸುತ್ತಿರುತ್ತಾರೆ. ಮೇಲಿನ ಸುತ್ತು ದುಂಡು ತಂತಿಯದಾದರೆ ಅದು ರೌಂಡ್‌ವೌಂಡ್. ಚಪ್ಪಟೆ ಪಟ್ಟಿಯದಾದರೆ ಫ್ಲಾಟ್‌ವೌಂಡ್. ರೌಂಡ್‌ವೌಂಡ್ ಮೇಲೆ ಉಗುರು ಎಳೆದರೆ ಕರಕರ ಎನ್ನುತ್ತದೆ. ಫ್ಲಾಟ್‌ವೌಂಡ್ ಮೇಲೆ ಬೆರಳು ಸದ್ದಿಲ್ಲದೆ ಜಾರುತ್ತದೆ. ಇದರಲ್ಲಿ ಲೋಹದ ಝಣಝಣ ಕಡಿಮೆ, ಮೂಲ ಸ್ವರ ಹೆಚ್ಚು. ಫ್ರೆಟ್ ಸವೆಯುವುದೂ ಕಡಿಮೆ. ಫ್ರೆಟ್ ಇಲ್ಲದ ಬೇಸ್ ಇದ್ದವರಿಗೆ ಮರದ ಹಲಗೆ ಉಳಿಯುತ್ತದೆ.

ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಶನ್ ಬೇಸ್ ಹೊರತಂದಾಗ ಬಳಕೆಯಲ್ಲಿದ್ದದ್ದು ಫ್ಲಾಟ್‌ವೌಂಡ್ ತಂತಿಯೇ. 1960ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ, ದ ಹೂ ತಂಡದ ಜಾನ್ ಎಂಟ್ವಿಸಲ್ ಜೊತೆಗೂಡಿ ರೌಂಡ್‌ವೌಂಡ್ ಬೇಸ್ ತಂತಿಯನ್ನು ರೂಪಿಸಿತು. ಅಲ್ಲಿಂದ ಮುಂದೆ ರೌಂಡ್‌ವೌಂಡ್ ಮೇಲುಗೈ ಪಡೆಯಿತು. ಆದರೆ ಡೆಟ್ರಾಯಿಟ್‌ನ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ (1936–1983) ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್ ಹಾಕಿ, ತುಂಡಾಗುವ ತನಕ ಬದಲಿಸುತ್ತಿರಲಿಲ್ಲ. ಇದು ಮೆಲ್ಲಗಿನ ಹಾಡಿಗೆ ಮಾತ್ರ ಎಂದೂ ತಿಳಿಯಬೇಡಿ. ಅಬ್ಬರದ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ನುಡಿಸುವುದು ಫ್ಲಾಟ್‌ವೌಂಡ್ ಮೇಲೆಯೇ.

ಕೊಳ್ಳುವ ಮೊದಲು

ಒಳ್ಳೆಯ ಫ್ಲಾಟ್‌ವೌಂಡ್ ಸೆಟ್ಟಿಗೆ ಸಾವಿರಾರು ರೂಪಾಯಿ ಬೀಳುತ್ತದೆ. ಊರಿನ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ದೊಡ್ಡ ನಗರದಿಂದ ತರಬೇಕು ಇಲ್ಲವೇ ಕೊರಿಯರ್‌ನಲ್ಲಿ ತರಿಸಬೇಕು. ಒಮ್ಮೆ ಕತ್ತರಿಸಿದ ತಂತಿಯನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮೂರು ವಿಷಯ ನೋಡಿಕೊಳ್ಳಿ.

ಮೊದಲನೆಯದು ಉದ್ದ. ಮೇಲ್ತುದಿಯಲ್ಲಿ ತಂತಿ ಕೂರುವ ಗೀರುಗಳುಳ್ಳ ಪಟ್ಟಿಗೆ ನಟ್ ಎನ್ನುತ್ತಾರೆ. ನಟ್‌ನಿಂದ ಬ್ರಿಜ್‌ವರೆಗಿನ ಅಳತೆಯೇ ಸ್ಕೇಲ್. ಫೆಂಡರ್ ಮಾದರಿಯಲ್ಲಿ ಇದು 34 ಇಂಚು, ಇದಕ್ಕೆ ಲಾಂಗ್ ಸ್ಕೇಲ್ ತಂತಿ ಬೇಕು. ಸುಮಾರು 30 ಇಂಚಿನ ಗಿಟಾರಿಗೆ ಶಾರ್ಟ್ ಸ್ಕೇಲ್ ಬೇಕು. ಹೆಚ್ಚಿನ ಫ್ಲಾಟ್‌ವೌಂಡ್‌ಗಳ ತುದಿಯಲ್ಲಿ ಬಣ್ಣದ ನೂಲಿನ ಸುತ್ತು ಇರುತ್ತದೆ. ಈ ನೂಲು ನಟ್ ದಾಟಿದ ಮೇಲೆಯೇ ಶುರುವಾಗಬೇಕು. ತಂತಿಯ ಗುಂಡು ಕೂರುವ ಜಾಗದಿಂದ ನಟ್‌ವರೆಗೆ ಟೇಪ್ ಹಿಡಿದು ಅಳೆದುಕೊಂಡೇ ಆರ್ಡರ್ ಕೊಡಿ.

ಎರಡನೆಯದು ದಪ್ಪ. ಪೊಟ್ಟಣದ ಮೇಲಿನ 45–100 ಎಂಬ ಅಂಕಿ ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. 45 ಎಂದರೆ ಸುಮಾರು 1.14 ಮಿಲಿಮೀಟರ್, 100 ಎಂದರೆ 2.54 ಮಿಲಿಮೀಟರ್. ಈಗಿರುವ ತಂತಿಗೆ ಹತ್ತಿರದ ದಪ್ಪ ಆರಿಸಿದರೆ ಕೆಲಸ ಕಡಿಮೆ. ಜೇಮರ್ಸನ್ ಬಳಸಿದ 52–110ರಷ್ಟು ದಪ್ಪ ತಂತಿ ನಟ್‌ನ ಗೀರಿನಲ್ಲಿ ಕೂರದೇ ಇರಬಹುದು. ಆಗ ಗೀರನ್ನು ತಿದ್ದಿಸಬೇಕಾಗುತ್ತದೆ.

ಮೂರನೆಯದು ಬಿಗಿತ. ದಪ್ಪ ಹತ್ತಿರ ಹತ್ತಿರವಿದ್ದರೂ ಎಳೆತ ಬೇರೆಯಾಗಿರುತ್ತದೆ. ಆಸ್ಟ್ರಿಯಾದ ಥೋಮಾಸ್ಟಿಕ್ ಜಾಝ್ ಫ್ಲಾಟ್ (43–100) ಸಡಿಲ, ಮೆದು. ಡಿ'ಅಡಾರಿಯೋ ಕ್ರೋಮ್ಸ್ (45–100) ಬಿಗಿ, ನಾದವೂ ತುಸು ಚುರುಕು. ಬೆರಳಿಗೆ ಶಕ್ತಿ ಸಾಲದವರು, ಹಳೆಯ ಗಿಟಾರಿನ ಕುತ್ತಿಗೆ ಬಗ್ಗೀತೆಂಬ ಭಯವಿರುವವರು ಸಡಿಲ ತಂತಿ ಆರಿಸುವುದು ಒಳ್ಳೆಯದು.

ಹಾಕುವ ಕ್ರಮ

ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡಿ. ಅವು ಒಟ್ಟಾಗಿ ಸುಮಾರು 80 ಕಿಲೋ ಭಾರದಷ್ಟು ಬಲದಿಂದ ಕುತ್ತಿಗೆಯನ್ನು ಎಳೆಯುತ್ತಿರುತ್ತವೆ. ಒಂದನ್ನು ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಹಾಕಿ, ಮುಂದಿನದಕ್ಕೆ ಹೋಗಿ.

ಗಿಟಾರಿನ ದೇಹದ ಹಿಂಬದಿಯಿಂದ ತಂತಿ ತೂರಿಸುವ ಸೌಲಭ್ಯವಿದ್ದರೂ ಫ್ಲಾಟ್‌ವೌಂಡನ್ನು ಬ್ರಿಜ್‌ನಿಂದಲೇ ಹಾಕಿ. ಚೂಪಾದ ತಿರುವಿನಲ್ಲಿ ಚಪ್ಪಟೆ ಪಟ್ಟಿ ಬಿಟ್ಟುಕೊಳ್ಳುತ್ತದೆ. ತಂತಿಯನ್ನು ತಿರುಚದೆ ನೇರವಾಗಿ ಎಳೆದು ನಟ್ ಮೇಲೆ ಕೂರಿಸಿ. ಅದನ್ನು ಸುತ್ತಬೇಕಾದ ಗೂಟದಿಂದ ಆಚೆಗೆ 10ರಿಂದ 12 ಸೆಂಟಿಮೀಟರ್ ಅಳೆದು ಗುರುತು ಮಾಡಿ.

ತಪ್ಪಾಗುವುದು ಇಲ್ಲೇ. ಗುರುತಿನಲ್ಲಿ ತಂತಿಯನ್ನು ಮೊದಲು ಇಕ್ಕುಳದಿಂದ ನೇರ ಕೋನಕ್ಕೆ ಬಗ್ಗಿಸಿ. ಬಾಗಿದ ಜಾಗದಿಂದ ಒಂದೆರಡು ಸೆಂಟಿಮೀಟರ್ ಆಚೆಗೆ, ಆಮೇಲೆ ಕತ್ತರಿಸಿ. ಬಗ್ಗಿಸದೆ ಕತ್ತರಿಸಿದರೆ ಒಳಗಿನ ಎಳೆಯ ಮೇಲೆ ಹೊರಗಿನ ಸುತ್ತು ಸಡಿಲವಾಗಬಹುದು. ತುದಿ ಕಟ್ಟದೆ ಕೊಯ್ದ ತೆಂಗಿನ ಹಗ್ಗ ಬಿಚ್ಚಿಕೊಳ್ಳುವುದಿಲ್ಲವೇ, ಹಾಗೆಯೇ ಇದು. ಹಾಗೆ ಸಡಿಲಾದ ತಂತಿ ಸತ್ತ ನಾದ ಕೊಡುತ್ತದೆ, ಸರಿಪಡಿಸಲು ಬರುವುದಿಲ್ಲ.

ಬಾಗಿದ ತುದಿಯನ್ನು ಗೂಟದ ನಡುವಿನ ರಂಧ್ರಕ್ಕೆ ಇಳಿಸಿ, ಮೇಲಿನಿಂದ ಕೆಳಕ್ಕೆ ಎರಡು ಮೂರು ಸುತ್ತು ಬರುವಂತೆ ಬಿಗಿ ಮಾಡಿ. ಸುತ್ತು ಒಂದರ ಮೇಲೊಂದು ಹತ್ತಬಾರದು. ಬ್ರಿಜ್ ಮತ್ತು ನಟ್ ಬಳಿ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸಿ. ದಪ್ಪದಿಂದ ತೆಳುವಿಗೆ ಕ್ರಮವಾಗಿ ಇ, ಎ, ಡಿ, ಜಿ ಸ್ವರಕ್ಕೆ ಶ್ರುತಿ ಮಾಡಿ.

ಒಂದು ರಾತ್ರಿ ಬಿಡಿ

ಹೊಸ ಎಳೆತಕ್ಕೆ ಮರ ಹೊಂದಿಕೊಳ್ಳಲು ಸಮಯ ಬೇಕು. ಮರುದಿನ ಮತ್ತೆ ಶ್ರುತಿ ಮಾಡಿ, ಮೊದಲ ಫ್ರೆಟ್ಟನ್ನೂ ಕುತ್ತಿಗೆ ದೇಹಕ್ಕೆ ಸೇರುವಲ್ಲಿನ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. 7 ಅಥವಾ 8ನೇ ಫ್ರೆಟ್ ಮೇಲೆ ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ 0.3 ಮಿಲಿಮೀಟರ್‌ನಷ್ಟು ಸಂದು ಇದ್ದರೆ ಸಾಕು. ಸಂದು ಹೆಚ್ಚಿದ್ದರೆ ಕುತ್ತಿಗೆಯೊಳಗಿನ ಟ್ರಸ್ ರಾಡ್ ಬಿಗಿ ಮಾಡಬೇಕು, ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಗಟ್ಟಿಯಾಗಿ ಅಡ್ಡ ನಿಂತರೆ ಬಲ ಹಾಕದೆ ತಿಳಿದವರಿಗೆ ತೋರಿಸಿ.

ಕೊನೆಗೆ 12ನೇ ಫ್ರೆಟ್ ಪರೀಕ್ಷೆ. ಅಲ್ಲಿ ತಂತಿಯನ್ನು ಮೆಲ್ಲಗೆ ಮುಟ್ಟಿ ಬಿಟ್ಟಾಗ ಬರುವ ಸ್ವರವೂ ಒತ್ತಿ ಹಿಡಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಜ್‌ನ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ.

ಹೊಸ ಫ್ಲಾಟ್‌ವೌಂಡ್ ಮೊದಮೊದಲು ತುಸು ಚುರುಕಾಗಿಯೇ ಕೇಳಿಸುತ್ತದೆ. ಇದಲ್ಲ ನಾನು ಬಯಸಿದ್ದು ಎಂದು ಅವಸರದಿಂದ ಬಿಚ್ಚಬೇಡಿ. ನುಡಿಸುತ್ತ ಹೋದಂತೆ ನಾದ ಪಳಗುತ್ತದೆ. ಪ್ರತಿ ಸಲ ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಬೆವರು ಒರೆಸಿಟ್ಟರೆ ಸಾಕು, ಸರಿಯಾಗಿ ಹಾಕಿದ ಒಂದು ಸೆಟ್ ವರ್ಷಗಟ್ಟಲೆ ಬಾಳುತ್ತದೆ. ಕೊಟ್ಟ ದುಡ್ಡು ಆಗ ದುಬಾರಿ ಅನ್ನಿಸುವುದಿಲ್ಲ.