ಹಗುರ ಲ್ಯಾಪ್‌ಟಾಪ್: ಬೆಲೆ ಇಳಿದದ್ದು ಎಲ್ಲಿ, ತೂಕ ಇಳಿದದ್ದು ಎಲ್ಲಿ?

ಸಾಗರ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ಟೀಚರ್ ಆಗಿರುವ ನನ್ನ ತಂಗಿ ಬೇಸಿಗೆ ರಜೆಯಲ್ಲಿ ಫೋನ್ ಮಾಡಿದಳು. "ಅಣ್ಣ, ನಲವತ್ತು ಸಾವಿರದೊಳಗೆ ಒಂದು ಲ್ಯಾಪ್‌ಟಾಪ್ ಬೇಕು. ಬಸ್ಸಲ್ಲಿ ಹೆಗಲಿಗೆ ಹಾಕ್ಕೊಂಡು ನಿಂತರೂ ಭುಜ ನೋಯಬಾರದು." ಏನೇನು ಕೆಲಸ ಎಂದು ಕೇಳಿದೆ. ಶಿಕ್ಷಣ ಇಲಾಖೆಯ ಸ್ಯಾಟ್ಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬಿಸುವುದು, ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಎಕ್ಸೆಲ್‌ನಲ್ಲಿ ಅಂಕಪಟ್ಟಿ, ತರಗತಿಯಲ್ಲಿ ಪ್ರೊಜೆಕ್ಟರ್‌ಗೆ ಸಿಕ್ಕಿಸಿ ಪಾಠದ ವಿಡಿಯೊ ತೋರಿಸುವುದು, ಆಗೊಮ್ಮೆ ಈಗೊಮ್ಮೆ ಆನ್‌ಲೈನ್ ತರಬೇತಿ. ಗೇಮ್ ಇಲ್ಲ, ವಿಡಿಯೊ ಎಡಿಟಿಂಗ್ ಇಲ್ಲ. ನಮ್ಮಲ್ಲಿ ಲ್ಯಾಪ್‌ಟಾಪ್ ಕೊಳ್ಳುವ ಬಹುಪಾಲು ಮನೆಗಳ ಕೆಲಸವೂ ಇಷ್ಟೇ.

ಇಷ್ಟು ಕೆಲಸಕ್ಕೆ ಈಗಿನ ಸಾಧಾರಣ ಪ್ರೊಸೆಸರ್ ಸಾಕು. ಆದರೂ ಅಂಗಡಿಯಲ್ಲಿ ಮೊದಲು ಬೆರಳು ಮಾಡಿ ತೋರಿಸುವುದು ಪ್ರೊಸೆಸರ್ ಸ್ಟಿಕರನ್ನೇ. ನಾನು ತಂಗಿಗೆ ಹೇಳಿದ್ದು ಬೇರೆ: ಕೊಂಡ ಮೇಲೆ ಬದಲಾಯಿಸಲು ಆಗದ್ದನ್ನು ಮೊದಲು ನೋಡು, ಬದಲಾಯಿಸಬಹುದಾದ್ದನ್ನು ಆಮೇಲೆ ನೋಡು. ಪರದೆ, ಕೀಬೋರ್ಡ್, ಹಿಂಜ್, ಬೆಸುಗೆ ಹಾಕಿದ ರ‍್ಯಾಮ್ ಇವು ಲ್ಯಾಪ್‌ಟಾಪ್ ಇರುವಷ್ಟು ಕಾಲ ಜೊತೆಗಿರುತ್ತವೆ. ಎಸ್‌ಎಸ್‌ಡಿ, ಚಾರ್ಜರ್, ಬಹಳಷ್ಟು ಸಲ ಬ್ಯಾಟರಿ ಕೂಡ, ದುಡ್ಡು ಕೊಟ್ಟರೆ ಬದಲಾಗುತ್ತವೆ.

ಮೊದಲು ತೂಕ. ಕಡಿಮೆ ಬೆಲೆಯ 15.6 ಇಂಚಿನ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ 1.6ರಿಂದ 1.8 ಕಿಲೋ ತೂಗುತ್ತವೆ. 14 ಇಂಚಿನವು 1.3ರಿಂದ 1.5 ಕಿಲೋ. ಬಾಕ್ಸ್ ಮೇಲೆ ಬರೆದಿರುವುದು ಲ್ಯಾಪ್‌ಟಾಪ್‌ನ ತೂಕ ಮಾತ್ರ, ಚಾರ್ಜರಿನದು ಅದರಲ್ಲಿ ಸೇರಿಲ್ಲ. ನಾನು ನನ್ನ ಹಳೆಯ ಲ್ಯಾಪ್‌ಟಾಪನ್ನು ಒಮ್ಮೆ ನಮ್ಮ ಬೀದಿಯ ತರಕಾರಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದ್ದೆ. ಬರೀ ಚಾರ್ಜರ್, ಅದರ ದಪ್ಪ ಮೂರು ಪಿನ್ ವೈರ್ ಸಮೇತ, 340 ಗ್ರಾಂ ಬಂತು. ಇಟ್ಟಿಗೆಯಂಥ ಆ ಡಬ್ಬಿಯ ಬದಲು ಸಣ್ಣ ಟೈಪ್-ಸಿ ಚಾರ್ಜರ್ ಇದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ.

ತೂಕ ಸುಮ್ಮನೆ ಇಳಿಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಮೆಗ್ನೀಸಿಯಂ ಮಿಶ್ರಲೋಹದ ಮೈ ಹಾಕಿ ಹಗುರ ಮಾಡುತ್ತಾರೆ. ಅಗ್ಗದ್ದರಲ್ಲಿ ಬ್ಯಾಟರಿ ಚಿಕ್ಕದು ಮಾಡುತ್ತಾರೆ, ತೆಳು ಪ್ಲಾಸ್ಟಿಕ್ ಹಾಕುತ್ತಾರೆ, ರ‍್ಯಾಮ್ ಸ್ಲಾಟ್ ತೆಗೆದು ಚಿಪ್ಪನ್ನು ಬೋರ್ಡಿಗೇ ಬೆಸೆಯುತ್ತಾರೆ. 40 ವ್ಯಾಟ್-ಅವರ್ ಬ್ಯಾಟರಿಯೇ ಸುಮಾರು 200 ಗ್ರಾಂ ಇರುತ್ತದೆ. ಹಾಗಾಗಿ ಅದೇ ಬೆಲೆಯ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಕಾಲು ಕಿಲೋ ಹಗುರ ಇದ್ದರೆ, ಆ ಕಾಲು ಕಿಲೋ ಎಲ್ಲಿಂದ ಹೋಯಿತು ಎಂದು ಹುಡುಕಿ.

ಇನ್ನು ಪರದೆ. ಕನ್ನಡ ಓದುವವರಿಗೆ ಇದು ಇಂಗ್ಲಿಷ್ ಓದುವವರಿಗಿಂತ ಮುಖ್ಯ. ಕಾರಣ ನಮ್ಮ ಒತ್ತಕ್ಷರ. ಶಿವಮೊಗ್ಗದ ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಡಿಸಿ, ಎರಡರಲ್ಲೂ 11ರ ಅಳತೆಯಲ್ಲಿ 'ಸ್ವಾತಂತ್ರ್ಯ', 'ಲಕ್ಷ್ಮಿ', 'ರಾಷ್ಟ್ರ' ಎಂದು ಟೈಪ್ ಮಾಡಿದೆವು. ಒಂದರ ಪರದೆ 15.6 ಇಂಚು, ಅದರಲ್ಲಿ 1366 x 768 ಚುಕ್ಕಿ. ಅಂದರೆ ಒಂದು ಇಂಚಿಗೆ ಸುಮಾರು 100 ಚುಕ್ಕಿ. 'ಸ್ವಾತಂತ್ರ್ಯ'ದ ಕೊನೆಯ ಅಕ್ಷರದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಮಸಿ ಬಿದ್ದಂತೆ ಕಂಡವು. ಇನ್ನೊಂದು 14 ಇಂಚಿನಲ್ಲಿ 1920 x 1080 ಚುಕ್ಕಿಯದು, ಇಂಚಿಗೆ ಸುಮಾರು 157. ಅಲ್ಲಿ ರವೊತ್ತು, ಯವೊತ್ತು ಬೇರೆ ಬೇರೆಯಾಗಿ ನಿಂತಿದ್ದವು. ದಿನಕ್ಕೆ ಎರಡು ಗಂಟೆ ಕನ್ನಡ ತಿದ್ದುವವರ ಕಣ್ಣಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಎಷ್ಟೇ ಅಗ್ಗಕ್ಕೆ ಕೊಟ್ಟರೂ 1366ರ ಪರದೆ ಬೇಡ.

ಅದೇ ಹೊತ್ತಿಗೆ ಪರದೆಯ ಜಾತಿಯನ್ನೂ ಕೇಳಿ. ಐಪಿಎಸ್ ಪರದೆಯಾದರೆ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಟಿಎನ್ ಎಂದಿದ್ದರೆ ಮೇಜಿನ ಸುತ್ತ ನಿಂತ ಮಕ್ಕಳಲ್ಲಿ ನೇರ ಎದುರಿಗೆ ಇದ್ದವರಿಗೆ ಮಾತ್ರ ಚಿತ್ರ ಸರಿಯಾಗಿ ಕಾಣುತ್ತದೆ. ಬೆಳಕನ್ನು ನಿಟ್ಸ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಅಗ್ಗದವುಗಳಲ್ಲಿ 250 ಸಾಮಾನ್ಯ. ಕಿಟಕಿ ಪಕ್ಕ, ಜಗುಲಿಯಲ್ಲಿ ಕೂತು ಕೆಲಸ ಮಾಡುವವರು 300 ಇರುವುದನ್ನು ಹುಡುಕಬೇಕು. ಹೊಳೆಯುವ ಗಾಜಿನಂಥ ಪರದೆಗಿಂತ ಮ್ಯಾಟ್ ಪರದೆಯೇ ನಮ್ಮ ಬಿಸಿಲಿಗೆ ಒಳ್ಳೆಯದು.

ಕೀಬೋರ್ಡ್ ನೋಡುವಾಗಲೂ ಕನ್ನಡದ ಕಣ್ಣಿಂದ ನೋಡಿ. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವ ಕೀಲಿ ಎಫ್. 'ಲಕ್ಷ್ಮಿ' ಎಂದು ಬರೆಯಲು ಅದನ್ನು ಎರಡು ಸಲ ಒತ್ತಬೇಕು. ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಬೇಕು. ಹಾಗಾಗಿ ಕನ್ನಡ ಟೈಪ್ ಮಾಡುವವರ ಎಡಗೈ ಕಿರುಬೆರಳು ಶಿಫ್ಟ್ ಮೇಲೇ ಕೂತಿರುತ್ತದೆ. ಜಾಗ ಉಳಿಸಲು ಶಿಫ್ಟ್ ಕೀಲಿಯನ್ನು ಗಿಡ್ಡ ಮಾಡಿದ ಕೀಬೋರ್ಡ್ ನಮಗೆ ದಿನವೂ ಕಾಟ ಕೊಡುತ್ತದೆ. ಅಂಗಡಿಯಲ್ಲೇ ಒಂದು ಪ್ಯಾರಾ ಕನ್ನಡ ಟೈಪ್ ಮಾಡಿ ನೋಡಲು ಸಂಕೋಚ ಬೇಡ. ನುಡಿ ಇರದಿದ್ದರೂ ವಿಂಡೋಸ್‌ನಲ್ಲೇ ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಕೀಬೋರ್ಡ್‌ಗಳಿವೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರೆ ಸಾಕು. ಉಬುಂಟು ಮುಂತಾದ ಲಿನಕ್ಸ್‌ಗಳಲ್ಲಿ ಕೆ.ಪಿ. ರಾವ್ ವಿನ್ಯಾಸವೇ 'ಕಗಪ' ಎಂಬ ಹೆಸರಿನಲ್ಲಿ ಸಿಗುತ್ತದೆ.

ಟೈಪ್ ಮಾಡಿದ ಮೇಲೆ ಹೆಬ್ಬೆರಳಿನಿಂದ ಜಿ, ಎಚ್ ಕೀಲಿಗಳ ನಡುವೆ ಮೆಲ್ಲಗೆ ಒತ್ತಿ ನೋಡಿ. ಇಡೀ ಹಲಗೆ ತೊಟ್ಟಿಲಿನಂತೆ ಬಗ್ಗಿದರೆ ಒಳಗೆ ಆಸರೆ ಕಡಿಮೆ ಎಂದರ್ಥ. ಮುಚ್ಚಳವನ್ನು ಒಂದು ಮೂಲೆಯಿಂದ ಹಿಡಿದು ನಿಧಾನ ತೆರೆಯಿರಿ. ಪರದೆ ತಿರುಚಿಕೊಂಡಂತೆ ಆದರೆ, ಹಿಂಜ್ ಬಳಿ ಕಿರ್ ಎಂದರೆ ಅದನ್ನು ಅಲ್ಲೇ ಬಿಡಿ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜಿನ ಸ್ಕ್ರೂ ಕೂರುವುದು ಪ್ಲಾಸ್ಟಿಕ್‌ನಲ್ಲಿ ಹುದುಗಿಸಿದ ಸಣ್ಣ ಹಿತ್ತಾಳೆ ಬಿಲ್ಲೆಯೊಳಗೆ. ಎರಡು ಮೂರು ವರ್ಷ ತೆರೆದು ಮುಚ್ಚಿದಾಗ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್ ಹಾಳಾದದ್ದೇ ಹೀಗೆ. ಒಳಗಿನದೆಲ್ಲ ಸರಿಯಿತ್ತು, ಮುಚ್ಚಳ ಮಾತ್ರ ನಿಲ್ಲುತ್ತಿರಲಿಲ್ಲ.

ರ‍್ಯಾಮ್ ಮತ್ತು ಸ್ಟೋರೇಜ್ ವಿಷಯದಲ್ಲಿ ನಿಯಮ ಸರಳ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅದು ಲ್ಯಾಪ್‌ಟಾಪ್ ಆನ್ ಆಗುವುದಕ್ಕೆ ಸಾಕು, ಕೆಲಸ ಮಾಡುವುದಕ್ಕಲ್ಲ. 8 ಜಿಬಿಗಿಂತ ಕೆಳಗೆ ಇಳಿಯಬೇಡಿ. 8 ಜಿಬಿಯನ್ನೇ ಕೊಳ್ಳುವುದಾದರೆ ಮುಂದೆ ಸೇರಿಸಲು ಸ್ಲಾಟ್ ಖಾಲಿ ಇದೆಯೇ ಎಂದು ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಎಂದು ಹೋದರೆ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದು ತೋರಿಸುತ್ತದೆ. ರ‍್ಯಾಮ್ ಹೆಸರಿನ ಮುಂದೆ 'ಎಲ್‌ಪಿ' ಎಂದಿದ್ದರೆ, ಈ ಬೆಲೆಯಲ್ಲಿ, ಅದು ಬೆಸುಗೆ ಹಾಕಿದ್ದೆಂದೇ ತಿಳಿಯಿರಿ. ಅಂಥದ್ದರಲ್ಲಿ ಈಗಲೇ 16 ಜಿಬಿ ಕೊಳ್ಳುವುದು ಜಾಣತನ.

ಸ್ಟೋರೇಜ್‌ನಲ್ಲಿ ಇಎಂಎಂಸಿ ಎಂಬ ಪದ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಅದು ಅಗ್ಗದ ಫೋನುಗಳಲ್ಲಿರುವ ಚಿಪ್ಪು. ಸೆಕೆಂಡಿಗೆ 300 ಎಂಬಿ ದಾಟುವುದು ಕಷ್ಟ, ಬೋರ್ಡಿಗೆ ಬೆಸೆದಿರುವುದರಿಂದ ಬದಲಾಯಿಸಲೂ ಆಗದು. ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿ 2000 ಎಂಬಿ ದಾಟುತ್ತದೆ. ಇದರಲ್ಲಿ 256 ಜಿಬಿ ಇದ್ದರೂ ಚಿಂತೆಯಿಲ್ಲ. ಬೆಂಗಳೂರಿನ ಎಸ್.ಪಿ. ರೋಡೇ ಆಗಬೇಕಿಲ್ಲ, ಜಿಲ್ಲಾ ಕೇಂದ್ರದ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಯವರು ಅರ್ಧ ಗಂಟೆಯಲ್ಲಿ ದೊಡ್ಡದು ಹಾಕಿಕೊಡುತ್ತಾರೆ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಅಂಗಡಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಕಂಪನಿಗಳು ಹೇಳುವ ಗಂಟೆ ಬೆಳಕು ತಗ್ಗಿಸಿ, ವೈಫೈ ಆರಿಸಿ ವಿಡಿಯೊ ಓಡಿಸಿದ ಲೆಕ್ಕವಾಗಿರಬಹುದು. ವ್ಯಾಟ್-ಅವರ್ ಎಷ್ಟು ಎಂದು ಕೇಳಿ. ಪರದೆ ಅರ್ಧ ಬೆಳಕಿನಲ್ಲಿಟ್ಟು ಬರೆಯುವುದು, ಬ್ರೌಸ್ ಮಾಡುವುದು ಇಷ್ಟಕ್ಕೆ ಇಂಥ ಲ್ಯಾಪ್‌ಟಾಪ್ ಗಂಟೆಗೆ ಸುಮಾರು 7–8 ವ್ಯಾಟ್-ಅವರ್ ಬಳಸುತ್ತದೆ. 42 ವ್ಯಾಟ್-ಅವರ್ ಬ್ಯಾಟರಿಯನ್ನು 8ರಿಂದ ಭಾಗಿಸಿದರೆ ಐದು ಗಂಟೆ ಚಿಲ್ಲರೆ. ವಿಡಿಯೊ ಕಾಲ್ ಮಾಡಿದರೆ ಅದು ಮೂರು ಮೂರೂವರೆ ಗಂಟೆಗೆ ಇಳಿಯುತ್ತದೆ. ಮಿಲಿ ಆಂಪಿಯರ್ ಲೆಕ್ಕ ಕೊಟ್ಟರೆ ನಂಬಬೇಡಿ: 5000 ಎಂದು ಬರೆದ ಬ್ಯಾಟರಿ 7.7 ವೋಲ್ಟಿನದಾದರೆ 38.5 ವ್ಯಾಟ್-ಅವರ್, 11.4 ವೋಲ್ಟಿನದಾದರೆ 57. ಸಂಖ್ಯೆ ಒಂದೇ, ಶಕ್ತಿ ಒಂದೂವರೆ ಪಾಲು.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮಲೆನಾಡಿನಂಥ ಕಡೆ ಇನ್ನೊಂದು ಮಾತು. ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುವ ಲ್ಯಾಪ್‌ಟಾಪ್ ಕೊಂಡರೆ, 65 ವ್ಯಾಟ್ ಕೊಡುವ ಪವರ್ ಬ್ಯಾಂಕ್‌ನಿಂದಲೂ ಅದು ನಡೆಯುತ್ತದೆ, ಚಾರ್ಜರ್ ಮರೆತ ದಿನ ಸಹೋದ್ಯೋಗಿಯದನ್ನು ಕೇಳಬಹುದು. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತದೆ ಎಂದಲ್ಲ; ಕೆಲವು ಡೇಟಾಕ್ಕೆ ಮಾತ್ರ. ಅಂಗಡಿಯಲ್ಲೇ ಸಿಕ್ಕಿಸಿ ನೋಡಿ. ಬದಲಿ ಚಾರ್ಜರ್ ಕೊಳ್ಳುವಾಗ ಬಿಐಎಸ್ ನೋಂದಣಿಯ 'ಆರ್' ಸಂಖ್ಯೆ ಇರುವುದನ್ನೇ ಕೊಳ್ಳಿ. ಪ್ರೊಜೆಕ್ಟರ್ ಬಳಸುವವರು ಎಚ್‌ಡಿಎಂಐ, ಪೆನ್‌ಡ್ರೈವ್ ಬಳಸುವವರು ದೊಡ್ಡ ಯುಎಸ್‌ಬಿ ಕಿಂಡಿ ಇದೆಯೇ ಎಂದು ನೋಡಿಕೊಳ್ಳಿ.

ಈಗ ಪ್ರೊಸೆಸರ್. ಹೆಸರು ಹೊಸದಾದ ಮಾತ್ರಕ್ಕೆ ಒಳಗಿನದು ಹೊಸದಲ್ಲ. ಎಎಂಡಿ ರೈಜನ್ 7000 ಸರಣಿಯ ಲ್ಯಾಪ್‌ಟಾಪ್ ಚಿಪ್ಪಿನ ಸಂಖ್ಯೆಯಲ್ಲಿ ಮೂರನೆಯ ಅಂಕಿ ಅದರ ಪೀಳಿಗೆ ಹೇಳುತ್ತದೆ: 7520ರಲ್ಲಿ 2 ಇದೆ, ಅಂದರೆ ಅದು ಹಳೆಯ ಜೆನ್ 2, 7530ರಲ್ಲಿ 3, ಅಂದರೆ ಜೆನ್ 3. ಹತ್ತೇ ಅಂಕಿಯ ವ್ಯತ್ಯಾಸ, ಆದರೆ ನಡುವೆ ಒಂದು ಪೀಳಿಗೆ. ಇಂಟೆಲ್‌ನಲ್ಲಿ ಎನ್ ಅಕ್ಷರದಿಂದ ಶುರುವಾಗುವವು ಕರೆಂಟ್ ಉಳಿಸುವ ಸಣ್ಣ ಕೋರ್‌ಗಳವು. ಎನ್100 ಬರವಣಿಗೆಗೆ, ಬ್ರೌಸಿಂಗಿಗೆ ಸಾಕು. ಎನ್4020 ಎಂಬ ಎರಡು ಕೋರಿನ ಹಳೆಯ ಸೆಲೆರಾನ್ ಸಾಲದು. ಬೆಲೆ ಹೊಂದಿದರೆ ಐ3-1215ಯು ಮಟ್ಟದ್ದು ನೆಮ್ಮದಿ. ಎಐ ಎಂಬ ಸ್ಟಿಕರಿಗಾಗಿ ಈ ಕೆಲಸಗಳಿಗೆ ಹೆಚ್ಚು ಕೊಡಬೇಕಾಗಿಲ್ಲ.

ಬಜೆಟ್ 25 ಸಾವಿರ ದಾಟದವರಿಗೆ ನನ್ನ ಸಲಹೆ ಹೊಸ ಅಗ್ಗದ್ದಲ್ಲ. ಕಚೇರಿಗಳಿಂದ ಬಂದ, ರಿಪೇರಿ ಮಾಡಿ ಮಾರುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ನೋಡಿ. ಅವುಗಳ ಕೀಬೋರ್ಡ್, ಹಿಂಜ್ ಬೇರೆಯೇ ದರ್ಜೆಯವು. ಇಂಟೆಲ್ ಆದರೆ 8ನೇ ಪೀಳಿಗೆಗಿಂತ ಹಳೆಯದು ಬೇಡ, ಏಕೆಂದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಳೆಯ ಪೀಳಿಗೆಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ದುಡ್ಡು ಕೊಡುವ ಮುನ್ನ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಪವರ್‌ಸಿಎಫ್‌ಜಿ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಸೇರಿಸಿ ಎಂಟರ್ ಒತ್ತಿ. ಬರುವ ವರದಿಯಲ್ಲಿ ಬ್ಯಾಟರಿ ಹುಟ್ಟಿದಾಗ ಎಷ್ಟಿತ್ತು, ಈಗ ಎಷ್ಟು ತುಂಬುತ್ತದೆ ಎಂಬ ಎರಡೂ ಅಂಕಿ ಇರುತ್ತವೆ. ಎರಡನೆಯದು ಮೊದಲನೆಯದರ ಮುಕ್ಕಾಲಿಗಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.

ತಂಗಿ ಕೊನೆಗೆ ಆರಿಸಿದ್ದು 14 ಇಂಚಿನ, 1.4 ಕಿಲೋದ ಒಂದು ಲ್ಯಾಪ್‌ಟಾಪ್. ಐಪಿಎಸ್ ಪರದೆ, 8 ಜಿಬಿ ಜೊತೆಗೆ ಒಂದು ಖಾಲಿ ಸ್ಲಾಟ್, ಟೈಪ್-ಸಿ ಚಾರ್ಜರ್. ಪ್ರೊಸೆಸರ್ ಅಂಗಡಿಯವರು ಮೊದಲು ತೋರಿಸಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಶಾಲೆಯಲ್ಲಿ ಅದು ಈವರೆಗೆ ಯಾರಿಗೂ ಗೊತ್ತಾಗಿಲ್ಲ.

ನೀವೂ ಕೊಳ್ಳುವ ದಿನ ಎರಡು ಕೆಲಸ ಮರೆಯಬೇಡಿ. ವಾರಂಟಿ ರಿಪೇರಿಗೆ ಅವರು ಮನೆಗೆ ಬರುತ್ತಾರೋ, ನೀವೇ ಹೊತ್ತುಕೊಂಡು ಹೋಗಬೇಕೋ, ಹೋಗಬೇಕಾದರೆ ಯಾವ ಊರಿಗೆ ಎಂದು ಕೇಳಿಕೊಳ್ಳಿ. ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ, ಅದು ಲ್ಯಾಪ್‌ಟಾಪ್‌ನ ಹೊಟ್ಟೆಯ ಮೇಲಿರುವುದಕ್ಕೂ ಬಾಕ್ಸಿನದಕ್ಕೂ ತಾಳೆಯಾಗುತ್ತದೆಯೇ ಎಂದು ಅಲ್ಲೇ ನಿಂತು ನೋಡಿ. ಮುಂದೆ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆಗ ನಿಮ್ಮ ಕೈಯಲ್ಲಿ ಆ ಬಿಲ್ ಇರಲೇಬೇಕು.