ಕಿಮ್ ಎಲ್ಲಿಗೆ ಹೋದ? ಅಲ್ಲೇ ಇದೆ ಸುದ್ದಿ!

2020ರ ಏಪ್ರಿಲ್ ನೆನಪಿದೆಯಾ? ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಇಪ್ಪತ್ತು ದಿನ ನಾಪತ್ತೆ. ಆ ದೇಶದ ಅತಿ ದೊಡ್ಡ ಹಬ್ಬ ಅಂದ್ರೆ ಏಪ್ರಿಲ್ 15, ಅವನ ತಾತನ ಹುಟ್ಟುಹಬ್ಬ. ಅದಕ್ಕೂ ಬರಲಿಲ್ಲ. ಸತ್ತೇ ಹೋದ ಅಂತ ಊಹಾಪೋಹ ಶುರುವಾಯ್ತು. ಮೇ 1ಕ್ಕೆ ಆಸಾಮಿ ಪ್ರತ್ಯಕ್ಷ! ಎಲ್ಲಿ? ಸುಂಚೋನ್‌ನ ಗೊಬ್ಬರ ಕಾರ್ಖಾನೆಯಲ್ಲಿ, ರಿಬ್ಬನ್ ಕತ್ತರಿಸುತ್ತಾ.

ಬದುಕಿದ್ದಾನೆ ಅನ್ನೋದು ಎಲ್ಲರಿಗೂ ಸುದ್ದಿಯಾಯ್ತು. ಅಸಲಿ ಸುದ್ದಿ ಇದ್ದದ್ದು ಗೊಬ್ಬರದಲ್ಲಿ. ಕೊರೊನಾಗೆ ಹೆದರಿ ಜನವರಿಯಲ್ಲೇ ಗಡಿ ಮುಚ್ಚಿದ್ದ ದೇಶ ಅದು. ಗೊಬ್ಬರ ಇಲ್ಲದಿದ್ರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ರೆ ಅನ್ನ ಇಲ್ಲ. ಎಲ್ಲಿ ಚಿಂತೆ ಕಾಡ್ತಿತ್ತೋ ಅಲ್ಲೇ ಹೋಗಿ ನಿಂತಿದ್ದ.

ಇದಕ್ಕೆ ಅಲ್ಲಿನ ಸರ್ಕಾರ 'ಸ್ಥಳದಲ್ಲೇ ಮಾರ್ಗದರ್ಶನ' ಅನ್ನುತ್ತೆ. ಇದು ಕುಟುಂಬದ ಪದ್ಧತಿ. ತಾತ ಕಿಮ್ ಇಲ್ ಸುಂಗ್ 1960ರಲ್ಲಿ ಚೋಂಗ್ಸಾನ್‌ರಿ ಸಹಕಾರಿ ಜಮೀನಿಗೆ ಹೋಗಿ ಹೇಳಿದ್ದೇ ದೇಶದ ಕೃಷಿ ನೀತಿಯಾಯ್ತು. ಅಪ್ಪ ಕಿಮ್ ಜಾಂಗ್ ಇಲ್ 2011ರ ಡಿಸೆಂಬರ್‌ನಲ್ಲಿ ಸತ್ತಾಗಲೂ, ಇಂಥದ್ದೇ ಪ್ರವಾಸದ ರೈಲಿನಲ್ಲಿ ಅಂತ ಸರ್ಕಾರಿ ಮಾಧ್ಯಮ ಹೇಳಿತು.

ಆ ದೇಶದ ಬಜೆಟ್ಟಿನ ಪೂರ್ತಿ ಲೆಕ್ಕ ಯಾರಿಗೂ ಸಿಗಲ್ಲ. ಪತ್ರಕರ್ತರು ಪ್ರಶ್ನೆ ಕೇಳೋ ಹಾಗಿಲ್ಲ. ಹಾಗಾಗಿ ಈ ಭೇಟಿಗಳೇ ಬಜೆಟ್! ದಕ್ಷಿಣ ಕೊರಿಯಾದ ಏಕೀಕರಣ ಸಚಿವಾಲಯ ಒಂದೊಂದನ್ನೂ ಎಣಿಸಿ ಇಡುತ್ತೆ. ಪಕ್ಕದಲ್ಲಿ ಯಾರಿದ್ದಾರೆ, ಯಾರು ಕಾಣಿಸ್ತಿಲ್ಲ ಅನ್ನೋದನ್ನೂ ಗಮನಿಸುತ್ತೆ.

ಲೆಕ್ಕ ನೋಡಿ. ಅಧಿಕಾರಕ್ಕೆ ಬಂದ ಹೊಸದರಲ್ಲಿ, 2013ರ ಹೊತ್ತಿಗೆ, ರಾಜಧಾನಿಯಲ್ಲಿ ವಾಟರ್ ಪಾರ್ಕ್, ಬೆಟ್ಟದ ಮೇಲೆ ಸ್ಕೀ ರೆಸಾರ್ಟ್. ಯುವ ನಾಯಕನಿಗೆ ತಾನು ಹೊಸ ಕಾಲದವನು ಅಂತ ತೋರಿಸಬೇಕಿತ್ತು. 2023ರ ಆಗಸ್ಟ್‌ನಲ್ಲಿ ಒಂದಾದ ಮೇಲೊಂದು ಶಸ್ತ್ರಾಸ್ತ್ರ ಕಾರ್ಖಾನೆ. ಮುಂದಿನ ತಿಂಗಳೇ ರಷ್ಯಾದಲ್ಲಿ ಪುಟಿನ್ ಭೇಟಿ! ಅಂಗಡಿ ತೆರೆದಿದೆ ಅನ್ನೋ ಬೋರ್ಡು ಮೊದಲೇ ಬಿದ್ದಿತ್ತು ಅಷ್ಟೇ.

ಇನ್ನು ಬೈಗುಳ. ಅದನ್ನಂತೂ ತಪ್ಪದೇ ಗಮನಿಸಬೇಕು. 2018ರಲ್ಲಿ ದಶಕಗಳಿಂದ ಕುಂಟುತ್ತಿದ್ದ ಒರಾಂಗ್‌ಚೋನ್ ವಿದ್ಯುತ್ ಯೋಜನೆಯ ಅಧಿಕಾರಿಗಳಿಗೆ ಮಂಗಳಾರತಿ. 2023ರಲ್ಲಿ ಸಮುದ್ರದ ನೀರು ನುಗ್ಗಿ ಗದ್ದೆ ಮುಳುಗಿದಾಗ, ಅದೇ ನೀರಿನಲ್ಲಿ ನಿಂತು ಪ್ರಧಾನಿ ಕಿಮ್ ಟೋಕ್ ಹುನ್ ಬೇಜವಾಬ್ದಾರಿ ಅಂತ ಜರಿದ. 2025ರ ಮೇ ತಿಂಗಳಲ್ಲಿ ಚೋಂಗ್‌ಜಿನ್ ಬಂದರಿನಲ್ಲಿ ಹೊಸ ಯುದ್ಧನೌಕೆ ಅವನ ಕಣ್ಣೆದುರೇ ವಾಲಿ ಬಿತ್ತು. 'ಅಪರಾಧ' ಅಂದ. ಕೆಲವೇ ದಿನಗಳಲ್ಲಿ ಅಧಿಕಾರಿಗಳ ಬಂಧನ.

ಆದ್ರೆ ಸಿಮೆಂಟು, ಕರೆಂಟು, ಉಕ್ಕು ಕ್ಷಿಪಣಿಗೆ ಹೋಗಬೇಕಾ, ಅಣೆಕಟ್ಟಿಗೆ ಹೋಗಬೇಕಾ ಅಂತ ತೀರ್ಮಾನಿಸಿದ್ದು ಯಾರು? ಆ ಪ್ರಶ್ನೆಯನ್ನ ಸುತ್ತ ನೋಟ್‌ಬುಕ್ ಹಿಡಿದು ನಿಂತವರು ಕೇಳುವಂತಿಲ್ಲ. ಕೆಲಸ ಗೆದ್ದರೆ ನಾಯಕನ ದೂರದೃಷ್ಟಿ, ಸೋತರೆ ಕೆಳಗಿನವನ ತಪ್ಪು. ತಪ್ಪಿನ ಮೂಲಕ್ಕೆ ಕೈ ಹಾಕೋರೇ ಇಲ್ಲದ ಕಡೆ ಅದೇ ತಪ್ಪು ಮತ್ತೆ ಮತ್ತೆ ಆಗುತ್ತೆ. ಅದರ ಬೆಲೆ ತೆರೋದು ಆ ಫೋಟೋದಲ್ಲಿ ಇಲ್ಲದ ಜನ.