ಕರಟದ ಇದ್ದಿಲು ಮತ್ತು ಗಾಳಿಯ ಶೋಧನೆ

ತಿಪಟೂರಿನ ಸೀಮೆಯಲ್ಲಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಒಡೆದು ಉಂಡೆ ಕೊಬ್ಬರಿಯನ್ನು ತೆಗೆದ ಬಳಿಕ ಉಳಿಯುವ ಕರಟವು ಬಹುಕಾಲದಿಂದ ಬಚ್ಚಲೊಲೆಯ ಉರುವಲಾಗಿ ಸಂದಿರುವ ವಸ್ತು. ಅದೇ ಕರಟವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲಾಗಿಸಿ, ಆ ಇದ್ದಿಲನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರಾವಿಗೆ ಒಡ್ಡಿದರೆ, ಆವಿಯು ಇಂಗಾಲದ ಒಂದಂಶವನ್ನು ಕೊರೆದು ಅನಿಲರೂಪದಲ್ಲಿ ಒಯ್ದು, ಉಳಿದುದರಲ್ಲಿ ಎರಡು ನ್ಯಾನೊಮೀಟರಿಗಿಂತಲೂ ಕಿರಿದಾದ ಅಸಂಖ್ಯಾತ ರಂಧ್ರಗಳನ್ನು ತೆರೆಯುತ್ತದೆ. ಸಕ್ರಿಯ ಇಂಗಾಲವೆಂದರೆ ಇದೇ. ಇದರ ಒಂದು ಗ್ರಾಮಿನೊಳಗೆ ಅಡಗಿರುವ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಅದು ಸುಮಾರು 1000 ಚದರ ಮೀಟರು, ಎಂದರೆ ಹತ್ತು ಗುಂಟೆ ಹೊಲದಷ್ಟು ಆದೀತು.

ದುರ್ಗಂಧದ ಆವಿಗಳೂ ಬಣ್ಣ, ವಾರ್ನಿಷುಗಳಿಂದ ಏಳುವ ದ್ರಾವಕಗಳ ಅಣುಗಳೂ ಈ ರಂಧ್ರಗಳನ್ನು ಹೊಕ್ಕು, ಸುತ್ತಣ ಗೋಡೆಗಳೆಲ್ಲದರ ಸೆಳೆತಕ್ಕೆ ಏಕಕಾಲದಲ್ಲಿ ಸಿಲುಕಿ, ಅಲ್ಲಿಯೇ ಅಂಟಿ ನಿಲ್ಲುವ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಮರದ ಇದ್ದಿಲಿನಲ್ಲಿ ರಂಧ್ರಗಳು ಹೆಚ್ಚು ಅಗಲವಾಗಿರುವುದರಿಂದ ಅದು ದ್ರವಗಳ ಬಣ್ಣವನ್ನು ಕಳೆಯಲು ಚೆನ್ನಾಗಿ ಒದಗುವುದು. ಲಿಗ್ನಿನ್ ಹೇರಳವಾಗಿ ಒತ್ತೊತ್ತಾಗಿ ಬೆಳೆದ ಕರಟದ ಇದ್ದಿಲಾದರೋ ಸೂಕ್ಷ್ಮರಂಧ್ರಗಳಿಂದಲೇ ತುಂಬಿದ್ದು, ತನ್ನ ಕಾಠಿಣ್ಯದಿಂದ ಬೇಗನೆ ಪುಡಿಯಾಗದೆ, ಗಾಳಿಯನ್ನು ಶೋಧಿಸುವುದಕ್ಕೆ ವಿಶೇಷವಾಗಿ ತಕ್ಕುದಾಗಿದೆ.

ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಜಾನ್ ಸ್ಟೆನ್‌ಹೌಸ್ 1854ರಷ್ಟು ಹಿಂದೆಯೇ ಇದ್ದಿಲಿನ ಉಸಿರುಗವಸನ್ನು ರಚಿಸಿದ್ದನು. ಆದರೆ ಕರಟ, ಓಟೆಗಳ ಯೋಗ್ಯತೆ ಲೋಕಕ್ಕೆ ಮನದಟ್ಟಾದುದು ಒಂದು ದಾರುಣ ಪ್ರಸಂಗದಲ್ಲಿ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ ದೇಶದ ಈಪ್ರ್ ನಗರದ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟ ತರುವಾಯ ವಿಷಾನಿಲವನ್ನು ತಡೆಯುವ ಮುಖವಾಡವು ಸೈನಿಕನ ಪ್ರಾಣರಕ್ಷೆಯಾಯಿತು; ಅದರ ಇದ್ದಿಲಿಗೆ ಕರಟವು ಸಾಲದೆ, 1918ರಲ್ಲಿ ಅಮೆರಿಕದ ಗೃಹಿಣಿಯರೂ ಮಕ್ಕಳೂ ಪೀಚ್, ಪ್ಲಮ್ ಮೊದಲಾದ ಹಣ್ಣುಗಳ ಓಟೆಗಳನ್ನು ಕೂಡಿಹಾಕಿ ಸರ್ಕಾರಕ್ಕೆ ಒಪ್ಪಿಸಿದರು. ತಿಂದು ಎಸೆದುದು ಹೀಗೆ ಉಸಿರನ್ನು ಕಾಯ್ದ ಈ ಸಂಗತಿ ಇಂದಿಗೂ ಮನಸ್ಸನ್ನು ಕಲಕುತ್ತದೆ.

ಇದ್ದಿಲಿನ ಶಕ್ತಿಗೆ ಮಿತಿಯೂ ಉಂಟು. ಕಾರ್ಬನ್ ಮಾನಾಕ್ಸೈಡನ್ನು ಅದು ಹಿಡಿಯಲಾರದು. ನವುರಾದ ಧೂಳನ್ನು ತಡೆಯಲು ಎಳೆಗಳ ಹೆಣಿಗೆಯೊಂದು ಬೇಕೇ ಬೇಕು. ಪೆಟ್ರೋಲಿಯಮ್ ಮೂಲದ ಪಾಲಿಪ್ರೊಪಿಲೀನಿನಿಂದ ಈಗ ಬಹುವಾಗಿ ಮಾಡುತ್ತಿರುವ ಆ ಹೆಣಿಗೆಯನ್ನು ಹುಲ್ಲು, ಕಬ್ಬಿನ ಸಿಪ್ಪೆಗಳ ಸೆಲ್ಯುಲೋಸಿನಿಂದ ಮಾಡುವ ಪ್ರಯತ್ನವೂ ನಡೆದಿದೆ. ತೇವವನ್ನು ಹೀರಿ ಸಡಿಲಗೊಳ್ಳುವುದು ಅಂತಹ ಎಳೆಗಳ ದೊಡ್ಡ ತೊಡಕು.

ಇದಕ್ಕಿಂತಲೂ ನನ್ನನ್ನು ಬಾಧಿಸುವ ವಿಚಾರ ಬೇರೆಯದು. ಕರಟವನ್ನು ತೆರೆದ ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡುವಲ್ಲಿ ಏಳುವ ದಟ್ಟಹೊಗೆ ಪಕ್ಕದ ಊರಿನವರ ಎದೆಯನ್ನೇ ಸೇರುವುದಾದರೆ, ನಗರದ ಕೋಣೆಯೊಂದರ ಗಾಳಿ ಶುಚಿಯಾದುದನ್ನು ನಾವು ಲಾಭವೆಂದು ಎಣಿಸಲಾಗದು. ಮುಚ್ಚಿದ ಕುಲುಮೆಯಲ್ಲಿ ಆ ಹೊಗೆಯನ್ನೇ ಉರಿಸಿ, ಅದರ ಶಾಖದಿಂದ ಮುಂದಿನ ಕರಟವನ್ನು ಕಾಯಿಸುವ ವಿಧಾನವಿದೆ. ಅದಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನು ಶೋಧಕದ ಬೆಲೆಯಲ್ಲಿಯೇ ಸೇರಿಸತಕ್ಕದ್ದು. ಬಳಸಿ ತುಂಬಿಹೋದ ಇಂಗಾಲವನ್ನೂ ಮರಳಿ ಕಾಯಿಸಿ ಬರಿದುಮಾಡಬಹುದು. ಪ್ರತಿ ಸಲವೂ ಅದು ಕೊಂಚ ಸವೆಯುವುದರಿಂದ, ಅಷ್ಟನ್ನು ಹೊಸ ಕರಟದ ಇದ್ದಿಲಿನಿಂದ ತುಂಬಬೇಕಾಗುತ್ತದೆ.